ಬೇರೆಯವರ ಹೆಸರಿನ ನೆನಪುಗಳು

ಮಳಖೇಡದ ಸೇತುವೆಯ ಮೇಲೆ, ಕಾಗಿಣಾ ತುಂಬಿ ಹರಿಯುತ್ತಿದ್ದ ದಿನ, ಕೆಟ್ಟು ನಿಂತ ಜೀಪಿನಲ್ಲಿ ನಾನು ಹುಟ್ಟಿದೆ. ಈ ವಾಕ್ಯ ಬರೆದವನು ನಾನು. ಹುಟ್ಟಿದವರು ಬೇರೆ, ಅಲ್ಲಿನ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು. ನಾನು ಶಹಾಬಾದದವನು. ಆದರೂ ಕಳೆದ ಬೇಸಿಗೆಯಲ್ಲಿ ಪಾಸ್‌ಪೋರ್ಟ್ ಕಚೇರಿಯ ಕೌಂಟರಿನಲ್ಲಿ ಹುಟ್ಟಿದ ಊರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಮಳಖೇಡ. ಎದುರಿಗಿದ್ದ ಹುಡುಗಿ ಕಾಗದ ನೋಡಿ, “ಇಲ್ಲಿ ಶಹಾಬಾದ ಅಂತ ಅದಲ್ರಿ” ಅಂದಳು. ಹೌದು ಎಂದೆ. ಹೇಳುವಾಗ ಎಲ್ಲಿಯೋ ಸುಳ್ಳು ಹೇಳುತ್ತಿದ್ದೇನೆ ಅನಿಸಿತು.

ನನ್ನ ಕೆಲಸ ಹೀಗೆ. ಯಾರಿಗಾದರೂ ಎಪ್ಪತ್ತೈದು ತುಂಬಿದರೆ ನಮ್ಮ ಕಡೆ ಒಂದು ಸಮಿತಿ ಹುಟ್ಟುತ್ತದೆ. ಸಮಿತಿಗೆ ಒಂದು ಅಭಿನಂದನ ಗ್ರಂಥ ಬೇಕಾಗುತ್ತದೆ. ಗ್ರಂಥ ನನ್ನ ಬಳಿಗೆ ಬರುತ್ತದೆ. ಮೊದಲು ಗಣ್ಯರ ಸಂದೇಶ, ಆಮೇಲೆ ಬಣ್ಣದ ಫೋಟೋ ಪುಟಗಳು, ಆಮೇಲೆ ‘ಒಡನಾಡಿಗಳು ಕಂಡಂತೆ’ ಎಂಬ ದೊಡ್ಡ ಭಾಗ. ಒಡನಾಡಿಗಳು ಬರೆಯುವುದಿಲ್ಲ. ನಾನು ಒಬ್ಬೊಬ್ಬರಿಗೂ ಫೋನು ಮಾಡುತ್ತೇನೆ. ಕೆಲವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಹೆಚ್ಚಿನವರು, “ನಿಮಗ ಗೊತ್ತೇ ಅದಲ್ರಿ ಸರ್, ಛಂದ ಮಾಡಿ ನೀವೇ ಬರೀರಿ” ಎನ್ನುತ್ತಾರೆ. ಅವರ ಹೆಸರಿನಲ್ಲಿ ‘ನಾನು’ ಎಂದು ಶುರುಮಾಡಿ, ಒಂದು ಘಟನೆ ಕಟ್ಟಿ, ಎರಡು ಪುಟ ಮಾಡಿ, ವಾಟ್ಸಾಪಿನಲ್ಲಿ ಕಳಿಸಿ ಒಪ್ಪಿಗೆ ತರಿಸಿಕೊಳ್ಳುತ್ತೇನೆ. ಇದು ನನ್ನ ನೆನಪಲ್ಲ ಎಂದು ಇದುವರೆಗೆ ಒಬ್ಬರೂ ತಿರುಗಿ ಹೇಳಿಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಬಾಯಿಮಾತಿನ ಆಧಾರವನ್ನು ಇನ್ನೊಂದು ಆಧಾರವಿಲ್ಲದೆ ನಂಬಬೇಡ ಎಂದು ಅಲ್ಲಿ ಕಲಿಸಿದ್ದರು. ನಂಬುತ್ತಲೂ ಇರಲಿಲ್ಲ. ನಂಬದವನಿಗೆ ಈ ಕೆಲಸ ಸಲೀಸು.

ಆ ಬೇಸಿಗೆಯಲ್ಲಿ ಮೂರು ಗ್ರಂಥಗಳು ಒಟ್ಟಿಗೆ ಬಂದಿದ್ದವು. ಅದರ ಮೇಲೆ ಪತ್ರಿಕೆಯೊಂದಕ್ಕೆ ಪ್ರತಿ ವಾರದ ಅಂಕಣ. ಬೆಳಿಗ್ಗೆ ಒಬ್ಬ ಮಠಾಧೀಶರ ಶಿಷ್ಯನಾಗಿ, ಮಧ್ಯಾಹ್ನ ಒಬ್ಬ ತಹಶೀಲ್ದಾರರ ಸಹಪಾಠಿಯಾಗಿ, ಸಂಜೆ ಒಬ್ಬ ನರ್ಸಬಾಯಿಯ ಕೈಯಲ್ಲಿ ಹುಟ್ಟಿದ ಮಗುವಾಗಿ ಬರೆಯುತ್ತಿದ್ದೆ. ನಿದ್ದೆ ಮೊದಲು ಕಡಿಮೆಯಾಯಿತು, ಆಮೇಲೆ ಹೆಚ್ಚುಕಡಿಮೆ ನಿಂತೇಹೋಯಿತು. ಕಣ್ಣು ಮುಚ್ಚಿದರೆ ನಾನು ಬರೆದವರೆಲ್ಲ ‘ನಾನು, ನಾನು’ ಎನ್ನುತ್ತ ಬರುತ್ತಿದ್ದರು. ನಾನು ಎಂದೂ ಓದದ ಶಾಲೆಯ ಬೋರ್ಡಿನ ಮೇಲೆ ಏನು ಬರೆದಿತ್ತು ಎಂಬುದು ನನಗೆ ಕಾಣುತ್ತಿತ್ತು. ಎಂದೂ ಇರದಿದ್ದ ಅಣ್ಣನೊಬ್ಬ ಸತ್ತದ್ದಕ್ಕೆ ಒಮ್ಮೆ ಬಸ್ಸಿನಲ್ಲಿ ಕಣ್ಣು ತುಂಬಿತು.

ಇವರೆಲ್ಲರ ನಡುವೆ ನನ್ನದು ಎಂದು ಒಂದೇ ಒಂದು ಉಳಿದಿತ್ತು. ನನ್ನ ಅವ್ವ ಶಹಾಬಾದದ ದವಾಖಾನೆಯಲ್ಲಿ ಹೆರಿಗೆಯ ಹೊತ್ತಿಗೆ ತೀರಿಕೊಂಡಾಗ ನಾನು ಬಹಳ ಚಿಕ್ಕವನು. ಆ ದಿನದ ಒಂದು ತುಣುಕು ನನಗೆ ನೆನಪಿದೆ, ಅಥವಾ ಇತ್ತು: ವರಾಂಡದ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೇನೆ. ಒಬ್ಬ ನರ್ಸು ಬಸಿಯಲ್ಲಿ ಚಹಾ ಸುರಿದು, ಊದಿ ಆರಿಸಿ ಕುಡಿಸುತ್ತಾಳೆ. ಹಿಂದಿನ ಕಿಟಕಿಯ ಸರಳುಗಳ ಸಂದಿಯಿಂದ ಒಂದು ಕೈ ಬಂದು ನನ್ನ ತಲೆ ಮುಟ್ಟುತ್ತದೆ. ಅದು ಅವ್ವನ ಕೈ. ಮುಖ ಕಾಣುವುದಿಲ್ಲ. ನನ್ನದೇ ಒಂದು ಪುಸ್ತಕ ಬರೆಯಬೇಕು, ಅದು ಈ ಕೈಯಿಂದ ಶುರುವಾಗಬೇಕು ಎಂದು ಅದನ್ನು ಎಲ್ಲೂ ಬರೆಯದೆ ಇಟ್ಟುಕೊಂಡಿದ್ದೆ.

ನರ್ಸಬಾಯಿಯ ಗ್ರಂಥದಲ್ಲಿ ಅದನ್ನೂ ಬರೆದುಬಿಟ್ಟೆ. ಆಕೆ ಸೇವೆಯುದ್ದಕ್ಕೂ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಂದು ವರ್ಗವಾಗುತ್ತ ಕೊನೆಗೆ ಚಿಂಚೋಳಿಯಲ್ಲಿ ನಿವೃತ್ತರಾದವರು. ವಾಡಿಯ ಲಾರಿ ಡ್ರೈವರರೊಬ್ಬರ ಲೇಖನ ಬಾಕಿಯಿತ್ತು. ಅವರ ಮಕ್ಕಳೆಲ್ಲ ಈಕೆಯ ಕೈಯಲ್ಲೇ ಹುಟ್ಟಿದವರು. ಫೋನು ಮಾಡಿದಾಗ ಹಾರ್ನಿನ ಸದ್ದಿನ ನಡುವೆ, “ಗಾಡಿ ಮ್ಯಾಲ ಅದೀನ್ರಿ, ನೀವೇ ಬರಕೊಳ್ರಿ” ಎಂದು ಕತ್ತರಿಸಿದರು. ಕಂಪ್ಯೂಟರಿನಲ್ಲಿ ಪುಟ ಜೋಡಿಸುವವನು ಕಾಯುತ್ತಿದ್ದ. ಕಟ್ಟಲು ಹೊಸ ಘಟನೆ ಒಂದೂ ಹೊಳೆಯಲಿಲ್ಲ. ಕಟ್ಟೆ, ಬಸಿ, ಕಿಟಕಿಯ ಕೈ ಎಲ್ಲವನ್ನೂ ಡ್ರೈವರರ ಹೆಸರಿನಲ್ಲಿ ಬರೆದು ಕಳಿಸಿದೆ. ಆ ನರ್ಸು ಈಕೆಯೇ ಇರಬಹುದು ಎಂಬ ಆಸೆಯೂ ಒಳಗಿತ್ತು. ಆ ಕಾಲಕ್ಕೆ ಆಕೆ ಶಹಾಬಾದದಲ್ಲಿದ್ದದ್ದು ನಿಜ.

ಕರಡು ಸಿದ್ಧವಾದ ಮೇಲೆ ಸಮಿತಿಯ ಅಧ್ಯಕ್ಷರು ಫೋನು ಮಾಡಿದರು. ಸೇಡಂನಲ್ಲಿ ತೊಗರಿಬೇಳೆ ಮಿಲ್ಲು ಇಟ್ಟವರು.

“ಒಂದ್ಸಲ ಬಾಯಾರಿಗಿ ಓದಿ ಹೇಳಿ ಬರ್ರಿ ಸರ್. ಕಣ್ಣಿಂದು ಆಪರೇಷನ್ ಆಗ್ಯದ, ಓದಬ್ಯಾಡಂದಾರ. ಹೂಂ ಅಂದ್ರ ಪ್ರೆಸ್ಸಿಗಿ ಹಾಕೇಬಿಡೂಣು.”

“ಪುಟ ಸ್ವಲ್ಪ ಕಡಿಮೆ ಮಾಡಿದರೆ—”

“ಕಡಿಮಿ ಮಾತೇ ತೆಗೀಬ್ಯಾಡ್ರಿ. ಸ್ಟೇಜಿನ ಟೇಬಲ್ ಮ್ಯಾಲ ಪುಸ್ತಕ ತನ್ನಷ್ಟಕ್ಕ ತಾ ನಿಂದರಬೇಕು. ಹೋದ ವರ್ಷ ನಮ್ಮ ಬೀಗರ ಗ್ರಂಥ ಫ್ಯಾನಿನ ಗಾಳಿಗಿ ಬಿದ್ದು, ಮಂದಿ ಇನ್ನಾ ನಗಲಿಕತ್ತಾರ.”

ಈಗ ನಾನಿರುವ ಊರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೊರಟೆ. ಶಹಾಬಾದದಲ್ಲಿ ಗಾಡಿ ನಿಂತಿತು. ಹಳಿಯ ಆಚೆ ನೆಲಕ್ಕೆ ಹಾಸುವ ಕಲ್ಲಿನ ಫರಸಿಗಳನ್ನು ನಿಲ್ಲಿಸಿ ಜೋಡಿಸಿದ್ದರು. ಪಾಲಿಷ್ ಯಂತ್ರಗಳ ಸದ್ದು ಕೇಳುತ್ತಿತ್ತು. ಇಳಿದು ದವಾಖಾನೆಗೆ ಹೋಗಿ ಆ ಕಟ್ಟೆ ಇದೆಯೋ ಇಲ್ಲವೋ ನೋಡಿಬಿಡಬಹುದಿತ್ತು. ಇಷ್ಟು ವರ್ಷಗಳಲ್ಲಿ ಎಂದೂ ನೋಡಿರಲಿಲ್ಲ. ಆ ದಿನವೂ ಇಳಿಯಲಿಲ್ಲ. ಸೇಡಂನಲ್ಲಿ ಇಳಿದು ಬಸ್ಸು ಹಿಡಿದು ಚಿಂಚೋಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ನರ್ಸಬಾಯಿ ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸು. ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಮನೆಯಲ್ಲಿ ಅವರು ಮತ್ತು ಅವರ ವಿಧವೆ ತಂಗಿ ಇಬ್ಬರೇ.

“ಕುಂದ್ರಿ. ನನ್ನ ಕೇಳಿ ಮಾಡ್ಯಾರೇನು ಇದನ್ನ? ಹೆಸರು ನಂದು, ಮದವಿ ಅವರದು. ಇರಲಿ, ಓದ್ರಿ.”

ನಾನು ಓದುವುದು, ಆಕೆ ಕಣ್ಣು ಮುಚ್ಚಿ ಕೇಳುವುದು, ಲೇಖನ ಮುಗಿದ ಮೇಲೆ ‘ಇಡ್ರಿ’ ಅಥವಾ ‘ತೆಗೀರಿ’ ಎನ್ನುವುದು, ನಾನು ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ಗುರುತು ಹಾಕುವುದು. ಹೀಗೆ ನಡೆಯಿತು. ಮೊದಲ ಲೇಖನಕ್ಕೇ, “ತೆಗೀರಿ. ಇದು ಆಗಿಲ್ಲ” ಅಂದರು. ಎರಡನೆಯದಕ್ಕೂ ಅದೇ. ಮಳಖೇಡದ ಸೇತುವೆಯ ಹೆರಿಗೆಗೆ, “ಇಡ್ರಿ. ಜೀಪಲ್ಲ, ಟ್ರ್ಯಾಕ್ಟರ್. ನೀವು ಜೀಪು ಮಾಡೀರಿ” ಅಂದರು. ಆಮೇಲೆ ಮತ್ತೆ ತೆಗೀರಿ, ತೆಗೀರಿ.

“ಬಾಯಾರ, ಹೀಗೆ ತೆಗೆದರೆ ಪುಸ್ತಕ ಉಳಿಯೋದಿಲ್ಲ. ಅವರ ಪ್ರೀತಿ ಸುಳ್ಳಲ್ಲವಲ್ಲ?”

“ಪ್ರೀತಿ ಖರೇ ಇದ್ದೀತು. ಈಗ ಓದಿದ್ರಲ್ಲ, ಮಳಿಯಾಗ ಕೂಸಿನ ಎದಿಗಿ ಕಟಗೊಂಡು ಹೊಳಿ ದಾಟಿದೆ ಅಂತ, ಅದು ಸುಳ್ಳು. ನಾ ನೀರಿಗಿ ಭಾಳ ಅಂಜಾಕಿ.”

ಒಳಗಿನಿಂದ ತಂಗಿ, “ಹೊಳಿ ಏನು, ಬಕೀಟಿಗೂ ಅಂಜತಾಳ” ಅಂದರು.

ಮಧ್ಯದಲ್ಲಿ ನನ್ನ ಓದು ಎಡವಿತು. ಒಂದೇ ಸಾಲನ್ನು ಎರಡು ಸಲ ಓದಿದೆನಂತೆ. ಆಕೆ ಕೈಚಾಚಿ ನನ್ನ ನಾಡಿ ಹಿಡಿದು ನೋಡಿದರು.

“ನಿದ್ದಿ ಮಾಡಿ ಎಷ್ಟ ದಿನ ಆಯ್ತು, ತಮ್ಮಾ?”

ಲೆಕ್ಕ ಇಟ್ಟಿಲ್ಲ ಎಂದೆ. ತಂಗಿ ಒಳಕೋಣೆಯ ಕಲ್ಲು ನೆಲಕ್ಕೆ ನೀರು ಹೊಡೆದು ಒರೆಸಿ, ಚಾಪೆ ಹಾಸಿದರು. ನನ್ನ ಫೋನನ್ನು ನರ್ಸಬಾಯಿ ತಮ್ಮ ಸೆರಗಿನ ಗಂಟಿಗೆ ಕಟ್ಟಿಕೊಂಡರು. ಮಲಗಿದೆ. ನೆಲ ತಂಪಾಗಿತ್ತು. ನಿದ್ದೆ ಬರಲಿಲ್ಲ. ಆಕೆ ತೆಗೆಸಿದವರೆಲ್ಲ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಹೊಳೆ ದಾಟಿದ ಕೂಸು ಒದ್ದೆಯಾಗಿತ್ತು. ನಾವೆಲ್ಲಿ ಹೋಗಬೇಕು ಎಂದು ಯಾರೂ ಕೇಳಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಎದ್ದು ಮುಖ ತೊಳೆದು ಬಂದು, ಓದೋಣ ಎಂದೆ.

ಗುಂಡಗುರ್ತಿಯ ನಿವೃತ್ತ ಶಿಕ್ಷಕಿಯ ಲೇಖನ ಬಂತು. ಇದು ನಾನು ಕಟ್ಟಿದ್ದಲ್ಲ, ಆಕೆಯೇ ಫೋನಿನಲ್ಲಿ ನಗುತ್ತ ಹೇಳಿದ್ದು. ಸೂಜಿ ಚುಚ್ಚಲು ನರ್ಸು ಶಾಲೆಗೆ ಬಂದಾಗ ಮಕ್ಕಳೆಲ್ಲ ಓಡಿಹೋಗಿ, ಕೊನೆಗೆ ಅಂಜಿಕೆ ಬಿಡಿಸಲೆಂದು ಮೊದಲ ಸೂಜಿಯನ್ನು ಶಿಕ್ಷಕಿಗೇ ಚುಚ್ಚಿದ ಕಥೆ.

“ತೆಗೀರಿ.”

“ಇದು ಅವರೇ ಹೇಳಿದ್ದು, ಬಾಯಾರ.”

“ದೊಡ್ಡಾಕಿಗಿ ನಾ ಯಾಕ ಸೂಜಿ ಚುಚ್ಚಲಿ? ನೆಪ್ಪಿಲ್ಲ ನನಗ.”

ಫೋನು ಬಿಡಿಸಿಕೊಂಡು ಶಿಕ್ಷಕಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದೆ. ವಿಷಯ ಕೇಳಿದ್ದೇ ತಡ ಆ ಕಡೆಯಿಂದ ದನಿ ಏರಿತು.

“ಏನ್ ಮರೀತೀ ಬಾಯಿ? ನನ್ನ ರಟ್ಟಿ ವಾರಗಟ್ಲೆ ಬಾತಿತ್ತು. ರೊಟ್ಟಿ ಬಡೀಲಿಕ್ಕ ಬರಲಾರ್ದ ನಮ್ಮತ್ತಿ ಕೈಲೆ ಬೈಸ್ಕೊಂಡೀನಿ. ಅದೊಂದರ ಬುಕ್ಕಿನ್ಯಾಗ ಬರಲಿ. ಈ ಜಲ್ಮದಾಗ ನನ್ನ ಹೆಸರು ಮತ್ತೆಲ್ಲಿ ಬರತದ?”

ನರ್ಸಬಾಯಿ ಫೋನು ಬಂದ್ ಮಾಡಲು ಕೈ ಮಾಡಿದರು. “ಇದ್ದೀತು,” ಅಂದರು. “ಹೇಳಾಕಿ ಎದಿ ತಟ್ಟಿ ಹೇಳಲಿಕತ್ಯಾಳ. ನಾ ಮರತಿರಬೇಕು. ಇಡ್ರಿ.”

ಹೀಗೆ ಒಂದು ನಿಯಮವಾಯಿತು. ಆಕೆಗೆ ನೆನಪಿಲ್ಲದಿದ್ದರೂ, ಹೇಳಿದವರು ತಮ್ಮದೆಂದು ನಿಂತರೆ ಉಳಿಯುತ್ತದೆ. ನನಗೂ ಒಂದು ಧೈರ್ಯ ಬಂತು. ಈಕೆಯೂ ಮರೆಯುತ್ತಾರೆ. ಮರೆತದ್ದನ್ನು ಒಪ್ಪುತ್ತಾರೆ.

ಡ್ರೈವರರ ಲೇಖನವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಆ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಓದಿದೆ. ಹಿಂದಿನ ಲೇಖನಗಳಿಗಿಂತ ನಿಧಾನವಾಗಿ, ಕಿಟಕಿಯ ಕೈಯ ಹತ್ತಿರ ಬಂದಾಗ ಇನ್ನೂ ನಿಧಾನವಾಗಿ. ಮುಗಿದ ಮೇಲೆ ಆಕೆಯ ಮುಖ ನೋಡುತ್ತ ಕೂತೆ.

“ತೆಗೀರಿ.”

“ಯಾಕೆ?”

“ಅದು ನಾನಲ್ಲ. ಬಸಿಯಾಗ ಛಾ ಊದಿ ಕುಡಸಾಕಿ ನಾ ಅಲ್ಲವೇ ಅಲ್ಲ. ಹೆರಿಗಿ ವಾರ್ಡಿನ ಮುಂದ ಸಣ್ಣ ಹುಡುಗರು ಕುಂತ್ರ ಬೈದು ಹೊರಗ ಕಳಸ್ತಿದ್ದೆ.”

“ಖರೇ ಅದರಿ,” ಅಂದರು ತಂಗಿ, ಈ ಸಲ ಬಾಗಿಲಿಗೆ ಬಂದು ನಿಂತು. “ಭಾಳ ಬೈತಿದ್ಳು. ಮನ್ಯಾಗೂ.”

ಒಂದು ದಿನ ಬೈಯದೆ ಇದ್ದಿರಬಹುದಲ್ಲ ಎಂದೆ. ಸೂಜಿಯ ಕಥೆ ಮರೆತಂತೆ ಇದನ್ನೂ ಮರೆತಿರಬಹುದು ಎಂದೆ. ನನ್ನ ದನಿ ಏರಿದ್ದು ನನಗೇ ಕೇಳಿಸಿತು. ಆಕೆ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ಇದರ ಮ್ಯಾಲ ನಿಮಗ್ಯಾಕ ಇಷ್ಟ ಸಿಟ್ಟು?”

“ಇದು ಡ್ರೈವರರದಲ್ಲ, ಬಾಯಾರ. ನನ್ನದು. ಆ ದವಾಖಾನೆಯಲ್ಲಿ ತೀರಿಕೊಂಡದ್ದು ನನ್ನ ಅವ್ವ.”

ಆಕೆ ತಂಗಿಗೆ ಫ್ಯಾನು ಬಂದ್ ಮಾಡಲು ಹೇಳಿದರು. ಹಾಳೆಗಳ ಸದ್ದು ನಿಂತಿತು.

“ಅವ್ವನ ಹೆಸರು?”

ಹೇಳಿದೆ. ಬಹಳ ಹೊತ್ತು ಯೋಚಿಸಿದರು. ತಲೆ ಅಲ್ಲಾಡಿಸಿದರು.

“ಹೂಂ ಅಂದ್ರ ನಿಮಗ ಸಮಾಧಾನ ಆಗ್ತದ. ನನಗೇನೂ ಖರ್ಚಿಲ್ಲ. ಆದ್ರ ನಾ ಮಾಡಲಾರದ್ದು ನಾ ಹ್ಯಾಂಗ ತಗೊಳ್ಳಲಿ, ತಮ್ಮಾ? ಅಲ್ಲಿ ಸತ್ತೋರು ನನಗ ನೆಪ್ಪದಾರ, ಎಲ್ಲಾರೂ ಅಲ್ಲ. ನಿಮ್ಮ ಅವ್ವ ಇದ್ದಿರಬಹುದು. ಇಲ್ಲನ್ನಂಗಿಲ್ಲ, ಹೌದನ್ನಂಗೂ ಇಲ್ಲ.” ಆಮೇಲೆ, “ಮತ್ತ ಆ ಡ್ರೈವರ್ ಏನಂದಿದ್ದ?”

“ಏನೂ ಹೇಳಲಿಲ್ಲ. ನೀವೇ ಬರಕೊಳ್ರಿ ಅಂದರು, ಅಷ್ಟೇ.”

“ಸಾಲಿ ಅಕ್ಕೋರಿಗಿ ಕೇಳಿದಂಗ ಅವಗೂ ಕೇಳ್ರಿ.”

ಕೇಳಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಆದರೂ ಕರೆ ಮಾಡಿದೆ. ಅವರು ವಾಡಿಯಲ್ಲಿ ಲೋಡಿಗಾಗಿ ಸರದಿಯಲ್ಲಿ ನಿಂತಿದ್ದರು. ಈ ಸಲ ಪುರುಸೊತ್ತಿತ್ತು.

“ನಿಮ್ಮ ಹೆಸರಿನ ಲೇಖನ ಓದಿದಿರಾ? ಅದರಲ್ಲಿರುವುದು—”

“ಓದೀನ್ರಿ ಸರ್. ಸೊಸಿ ಓದಿ ಹೇಳ್ಯಾಳ. ಮನ್ಯಾಗ ಎಲ್ಲಾರೂ ಅತ್ತಾರ. ಹ್ಯಾಂಗಿತ್ತೋ ಹಂಗೇ ಬರದೀರಿ.”

“ಅಂದರೆ, ಅದು ನೀವು ಹೇಳಿದ್ದಲ್ಲ—”

“ಹೇಳೀನಲ್ರಿ. ಮೊದಲು ಗಾಡಿ ಮ್ಯಾಲ ಇದ್ದೆ, ಕಟ್ ಮಾಡಿದೆ. ಮತ್ತ ನಾನೇ ತಿರುಗಿ ಹಚ್ಚಿದ್ದೆ, ಧಾಬಾದಾಗ ಕುಂತು. ನೀವು ಹೂಂ ಹೂಂ ಅನಲಿಕತ್ತಿದ್ರಿ. ನಮ್ಮವ್ವ ಶಹಾಬಾದ ದವಾಖಾನ್ಯಾಗೇ ತೀರಿಕೊಂಡಾಕಿ ಸರ್, ನಾ ಸಣ್ಣಾಂವಿದ್ದೆ. ಒಂದು ಬಿಟ್ಟೀರಿ ನೋಡ್ರಿ. ಕಿಟಕ್ಯಾಗ ಕೈ ಜೋಡಿ ಸೀರಿ ಸೆರಗೂ ಬಂದಿತ್ತು. ಹಸರು ಸೀರಿ. ಅದೊಂದು ಹಾಕಿಬಿಡ್ರಿ.”

ಫೋನು ಇಟ್ಟೆ. ಎರಡನೆಯ ಕರೆ ಬಂದಿತ್ತೇ? ಆ ವಾರಗಳಲ್ಲಿ ನಾನು ಎಷ್ಟು ಜನರಿಗೆ ಹೂಂ ಹೂಂ ಎಂದಿದ್ದೆನೋ. ಕರೆಗಳನ್ನು ರೆಕಾರ್ಡ್ ಮಾಡುವ ಪದ್ಧತಿ ನನ್ನಲ್ಲಿಲ್ಲ. ಆಗಿನ ಫೋನೂ ಆಮೇಲೆ ಕೆಟ್ಟು, ಬದಲಾಗಿತ್ತು. ನನ್ನ ವಿದ್ಯೆ ಒಂದು ಸಮಜಾಯಿಷಿ ಕೊಟ್ಟಿತು: ಆ ಮನುಷ್ಯ ಸೊಸೆ ಓದಿದ್ದನ್ನು ಕೇಳಿ ತನ್ನದೆಂದುಕೊಂಡಿದ್ದಾನೆ. ಅದೇ ವಿದ್ಯೆ ಮರುಕ್ಷಣ ಕೇಳಿತು: ನೀನು ಅವನು ಹೇಳಿದ್ದನ್ನು ಕೇಳಿ ನಿನ್ನದೆಂದುಕೊಂಡಿಲ್ಲ ಎನ್ನಲು ಆಧಾರವೇನು? ಚಿಕ್ಕಂದಿನಿಂದ ಇತ್ತು ಎನ್ನುತ್ತೇನೆ. ಯಾರಿಗೂ ಹೇಳಿಲ್ಲ, ಎಲ್ಲೂ ಬರೆದಿಲ್ಲ. ಅಂದರೆ ಸಾಕ್ಷಿ ನಾನೊಬ್ಬನೇ. ಪಾಸ್‌ಪೋರ್ಟ್ ಕಚೇರಿಯಲ್ಲಿ ಮಳಖೇಡದಲ್ಲಿ ಹುಟ್ಟಿದವನೂ ನಾನೇ.

ಅದಕ್ಕಿಂತ ಹೆದರಿಕೆಯಾದದ್ದು ಇನ್ನೊಂದಕ್ಕೆ. ಕಣ್ಣು ಮುಚ್ಚಿದೆ. ಕಿಟಕಿ ಬಂತು, ಸರಳು ಬಂದವು, ಕೈ ಬಂತು. ಕೈಯ ಜೊತೆಗೆ ಸೆರಗು ಬಂತು. ಹಸಿರು.

“ಈಗ ಯಾರ ಅವ್ವ?” ಎಂದು ನರ್ಸಬಾಯಿ ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ. ಉತ್ತರ ಬೇಕಾಗಿತ್ತು. “ಅಕ್ಕೋರು ನಿಂತ್ರಂತ ಅಕ್ಕೋರದು ಇಟ್ಟೀವಿ. ಡ್ರೈವರೂ ನಿಂತಾನ. ನಾನಲ್ಲ ಅಂತ ನಾ ಹೇಳೀನಿ, ಆದ್ರ ನಾನೂ ಮರಿಯಾಕಿ ಇದ್ದೀನಿ ಅಂತ ನಿನ್ನೆ ಗೊತ್ತಾಗ್ಯದ. ಅವ ಸುಳ್ಳು ಅಂತ ನೀವೊಬ್ರೇ ಹೇಳಬೇಕು. ಹೇಳ್ರಿ, ತೆಗೀತೀನಿ.”

ಹೇಳುವುದು ಸುಲಭವಿತ್ತು. ನಾನು ಸಂಪಾದಕ. ಹಾಳೆ ಮಡಚಿ ಚೀಲಕ್ಕೆ ಹಾಕಿದ್ದರೆ, ಮುಂದೆ ನನ್ನ ಪುಸ್ತಕದ ಮೊದಲ ಪುಟದಲ್ಲಿ ಆ ಕೈ ಬರುತ್ತಿತ್ತು. ವಾಡಿಯ ಒಬ್ಬ ಡ್ರೈವರನ ಸೊಸೆ ಅದನ್ನು ಓದುವ ಸಂಭವ ಕಡಿಮೆ. ಆದರೆ ಅವನು ಸುಳ್ಳು ಎಂದು ಹೇಳಲು ಬಾಯಿ ತೆರೆದಾಗ ಅದು ನನಗೆ ಗೊತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅದಕ್ಕಾಗಿ ಅತ್ತವರಿದ್ದರು. ನಾನು ಅದಕ್ಕೆ ಎಂದೂ ಅತ್ತಿರಲಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದೆ, ಅಷ್ಟೇ.

“ಇಡೋಣ,” ಎಂದೆ. “ಅವರದೇ.”

“ವಿಚಾರ ಮಾಡಿ ಹೇಳ್ರಿ. ಅಚ್ಚಾದ ಮ್ಯಾಲ ತಿರುಗಿ ಸಿಗಂಗಿಲ್ಲ.”

“ಮಾಡೀನ್ರಿ.”

ಹಸಿರು ಸೀರೆಯ ಸಾಲನ್ನು ನನ್ನ ಕೈಯಿಂದಲೇ ಅಂಚಿನಲ್ಲಿ ಸೇರಿಸಿದೆ. ನರ್ಸಿನ ಹೆಸರಿದ್ದ ಕಡೆ, ಆಕೆಯ ಹಟಕ್ಕೆ, ‘ಒಬ್ಬ ನರ್ಸು’ ಎಂದು ತಿದ್ದಿದೆ. “ಯಾರರ ಒಬ್ಬಾಕಿ ಕುಡಿಸಿದ್ದಾಳು,” ಅಂದರು. “ಆಕಿಗಿ ಸಲ್ಲಲಿ.” ಅಭಿನಂದನ ಗ್ರಂಥದಲ್ಲಿ ಅಭಿನಂದಿತರ ಹೆಸರಿಲ್ಲದ ಲೇಖನ ಅದೊಂದೇ.

ಅಧ್ಯಕ್ಷರಿಗೆ ಫೋನು ಮಾಡಿ, ಉಳಿದದ್ದು ಎಷ್ಟು ತೆಳ್ಳಗಿದೆ ಎಂದು ಹೇಳಿದೆ. ಗ್ರಂಥ ನಿಲ್ಲುವುದಿಲ್ಲ ಎಂದೂ ಹೇಳಿದೆ.

“ಬಾಯಾರು ಬೈದ್ರೇನ್ರಿ?”

“ಇಲ್ಲ. ಆಗದೇ ಇದ್ದದ್ದನ್ನು ತೆಗೆಸಿದರು.”

“ಅವರೇ ಹಂಗಂದ್ರ ಮುಗೀತು. ನಾ ಹುಟ್ಟಿದ್ದೂ ಅವರ ಕೈಯಾಗೇ. ಟೇಬಲ್ ಮ್ಯಾಲ ಮಲಗಿಸಿಡೂಣು ಬಿಡ್ರಿ. ಮಲಗಿದ್ದು ಬೀಳಂಗಿಲ್ಲ.”

ಆ ಮಧ್ಯಾಹ್ನ ಪುಂಡಿಪಲ್ಯ, ಜೋಳದ ರೊಟ್ಟಿ ಉಂಡು ಅದೇ ಕಲ್ಲುನೆಲದ ಮೇಲೆ ಮಲಗಿದೆ. ಸುತ್ತ ಯಾರೂ ಬಂದು ಕೂರಲಿಲ್ಲ. ಯಾರೂ ಬರದ ಕೋಣೆ ಎಷ್ಟು ದೊಡ್ಡದಿರುತ್ತದೆ ಎಂದು ಯೋಚಿಸುತ್ತಿರುವಾಗಲೇ ನಿದ್ದೆ ಹತ್ತಿತು. ಎದ್ದಾಗ ಬೆಳಗೋ ಸಂಜೆಯೋ ತಿಳಿಯಲಿಲ್ಲ. “ಎರಡು ಊಟ ತಪ್ಪಿಸ್ಕೊಂಡೀರಿ,” ಅಂದರು ತಂಗಿ. “ಎಬ್ಬಸಬ್ಯಾಡ ಅಂತ ಅಕ್ಕ ಕಾವಲು ಕುಂತಿದ್ಳು.”

ಹೊರಡಲು ಅವಸರ ಮಾಡಲಿಲ್ಲ. ಉಳಿದೆರಡು ಸಮಿತಿಗಳಿಗೆ, ಮಾತಾಡಿದವರ ಲೇಖನ ಮಾತ್ರ ಬರೆಯುತ್ತೇನೆ, ತಡವಾಗುತ್ತದೆ ಎಂದು ತಿಳಿಸಿದೆ. ಒಂದು ಸಮಿತಿ ಕೆಲಸ ಬೇರೆಯವರಿಗೆ ಕೊಟ್ಟಿತು. ಬೆಳಿಗ್ಗೆ ಊರಾಚೆ ಕಾಡಿನ ಅಂಚಿನವರೆಗೆ ನಡೆದುಹೋಗಿ ಬರುತ್ತಿದ್ದೆ. ಬಂದು ಮಲಗುತ್ತಿದ್ದೆ. ಬರೆಯಬೇಕು ಎಂದು ಅನಿಸುತ್ತಿರಲಿಲ್ಲ. ಅನಿಸದೇ ಇರುವುದು ಹಾಯೆನಿಸುತ್ತಿತ್ತು.

ಹೊರಡುವ ಹಿಂದಿನ ದಿನ, ಕರಡಿನ ತೆಗೆದುಹಾಕಿದ ಹಾಳೆಗಳ ಖಾಲಿ ಬೆನ್ನಿನ ಮೇಲೆ ಬರೆಯಲು ಕೂತೆ. ಯಾರೂ ಹೇಳಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ‘ನನ್ನ ಅವ್ವ ಶಹಾಬಾದದಲ್ಲಿ ತೀರಿಕೊಂಡಳು. ಆಕೆಯ ಬಗ್ಗೆ ನನಗೆ ಏನೂ ನೆನಪಿಲ್ಲ’ ಎಂದು ಬರೆದೆ. ಇನ್ನೊಬ್ಬರಿಂದ ತರದ, ಇನ್ನೊಬ್ಬರಿಗೆ ಕೊಡಲಾಗದ ಸಾಲುಗಳು. ಅಲ್ಲಿಗೇ ಮುಗಿಯಬಹುದು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಏನೇನು ನೆನಪಿಲ್ಲ ಎಂಬುದು ಒಂದೊಂದಾಗಿ ಬರತೊಡಗಿತು: ಆಕೆಯ ದನಿ, ಆಕೆ ನನ್ನನ್ನು ಕರೆಯುತ್ತಿದ್ದ ರೀತಿ, ಆ ದಿನ ನನ್ನನ್ನು ಯಾರು ಮನೆಗೆ ಕರೆದೊಯ್ದರು. ಪುಟ ತುಂಬಿ ಇನ್ನೊಂದು ಹಾಳೆ ತೆಗೆದುಕೊಂಡೆ. ‘ಆಕೆಯ ಸೀರೆಯ ಬಣ್ಣ’ ಎಂದು ಬರೆಯುವ ಹೊತ್ತಿಗೆ ಕೈ ತಾನಾಗಿ ಹಸಿರಿನ ಹ ಬರೆಯಿತು. ಅದನ್ನು ಹೊಡೆದುಹಾಕಿ, ಸ್ವಲ್ಪ ಜಾಗ ಖಾಲಿ ಬಿಟ್ಟು, ಮುಂದಿನ ಸಾಲಿಗೆ ಹೋದೆ.